ನಾಗೋಜಿ ಕಿಡಿ ಓದುತ್ತಾನೆ

ಬೆಳಗಾವಿ, ಉದ್ಯಮಬಾಗ. ನಮ್ಮ ಫೌಂಡ್ರಿಯ ಹಿಂಬದಿ
ಕಿಟಕಿಗೆ ಗೋಣಿತಟ್ಟು ಹೊಡೆದ ಒಂದು ಖೋಲಿ.
ಹಗಲು ಹನ್ನೊಂದಕ್ಕೂ ಅಲ್ಲಿ ರಾತ್ರಿ.
"ಬಾಗಲಾ ಹಾಕ್ರಿ ಅಕ್ಕೋರ," ಅನ್ನುತ್ತಾನೆ ನಾಗೋಜಿ ಲೋಹಾರ,
"ಬೆಳಕಿನ್ಯಾಗ ಏನೂ ಕಾಣಂಗಿಲ್ಲ."

ಸಾಣೆಕಲ್ಲು ತಿರುಗುತ್ತದೆ. ಸರಳಿನ ತುದಿ ಮುಟ್ಟಿಸುತ್ತಾನೆ
ಕೂಸಿನ ತುಟಿಗೆ ಬೆಣ್ಣೆ ಹಚ್ಚುವಷ್ಟು ಮೆಲ್ಲಗೆ.
ಮೆದು ಕಬ್ಬಿಣದ್ದು ಉದ್ದ ಗೆರೆ, ಕವಲು ಕಡಿಮೆ, ಕಣಿಕೆಯ ಬಣ್ಣ.
ಕಾರ್ಬನ್ ಏರಿದಷ್ಟೂ ಅರಳು ಹುರಿದ ಹಾಗೆ ಸಿಡಿತ;
ಅರದ ಉಕ್ಕಂತೂ ಕಲ್ಲಿನ ಬಾಯಲ್ಲೇ ಒಡೆದು ಹೂ ಚೆಲ್ಲುತ್ತದೆ.
ಡ್ರಿಲ್ಲಿನ ಟಂಗ್‌ಸ್ಟನ್ ಉಕ್ಕಿನದು ಮಂಕು ಕೆಂಪು,
ಕತ್ತಲಲ್ಲಿ ಯಾರೋ ಬೀಡಿ ಎಳೆದಂತೆ.
ವಿಮಾನದ ಬಿಸಿ ಭಾಗಕ್ಕೆ ಹೋಗುವ ನಿಕ್ಕಲ್ ಮಿಶ್ರಲೋಹ
ಎರಡು ಗಿಡ್ಡ ಗೆರೆ ಬಿಟ್ಟು ಸುಮ್ಮನಾಗುತ್ತದೆ.
"ದೊಡ್ಡ ಮಂದಿ," ಅಂದು ಪಕ್ಕಕ್ಕಿಡುತ್ತಾನೆ.

ಒಮ್ಮೆ ಖಡಿ ಮಷೀನಿನ ಸವೆದ ದವಡೆ ತೋರಿಸಿದ.
ಅಯಸ್ಕಾಂತ ಅದಕ್ಕೆ ಅಂಟಲೊಲ್ಲದು.
"ಮ್ಯಾಂಗನೀಸ್ ಉಕ್ಕರಿ ಇದು. ಬಡದಂಗೆಲ್ಲಾ ಗಟ್ಟಿ ಆಗತೈತಿ,
ಬಡೀದ ಬಿಟ್ರ ಮೆತ್ತಗ. ನಮ್ಮ ಅತ್ತಿ ಇದ್ದಂಗ."

ಆ ಆಷಾಢದಲ್ಲಿ ಕಬ್ಬಿನ ಗಿರಣಿಯ ಶಾಫ್ಟಿಗೆಂದು ಸರಳು ಬಂದವು,
ಇ.ಎನ್. ಇಪ್ಪತ್ನಾಲ್ಕು; ತುದಿಗೆ ಬಣ್ಣ, ಕಾಗದಕ್ಕೆ ಸಿಕ್ಕಾ.
ನನ್ನ ಸ್ಪೆಕ್ಟ್ರೋಮೀಟರಿಗೆ ಆರ್ಗಾನ್ ಮುಗಿದಿತ್ತು,
ಸಿಲಿಂಡರಿನ ಗಾಡಿ ಕೊಲ್ಹಾಪುರ ಬಿಟ್ಟಿರಲಿಲ್ಲ.
ನಾಗೋಜಿ ಮುಟ್ಟಿಸಿದ. ಮತ್ತೊಮ್ಮೆ. ಬೇರೆ ಸರಳು.
"ಭರ್ಚಿ ಇಲ್ಲ," ಅಂದ.
ಮಾಲಿಬ್ಡಿನಮ್ ಇದ್ದರೆ ಗೆರೆಯ ಕೊನೆಗೆ, ಗೆರೆಯಿಂದ ಕಳಚಿ,
ಒಂದು ಸಣ್ಣ ಭರ್ಚಿಯ ಮೊನೆ ಹಾರಬೇಕು.
ಮಾಲಕ ಪದ್ಮರಾಜ ಚೌಗುಲೆ ನಕ್ಕರು:
"ಕಣ್ಣಾಗ ಪೊರಿ ಬಂದೈತಿ ಮುದುಕಗ. ಮಷೀನಿಗೆ ಹಚ್ಚ್ರಿ ಮಾಲು."
"ಹಚ್ಚಬ್ಯಾಡ್ರಿ," ಅಂದೆ. ನನ್ನ ದನಿ ನನಗೇ ಹೊಸದು.

ನಾಲ್ಕನೇ ದಿನ ಆರ್ಗಾನ್ ಬಂತು. ಪರದೆಯ ಮೇಲೆ
ನಿಕ್ಕಲ್ ಹೆಸರಿಗಷ್ಟೆ, ಮಾಲಿಬ್ಡಿನಮ್ ಸೊನ್ನೆಯ ಪಕ್ಕ.
ಬರೀ ಇ.ಎನ್. ಎಂಟು, ಬಣ್ಣ ಬಳಿದುಕೊಂಡು ಬಂದಿತ್ತು.
ಹಂಗಾಮಿನ ನಡುವೆ, ಕಬ್ಬು ಬಾಯಲ್ಲಿರುವಾಗ
ಎಲ್ಲಿ ತುಂಡಾಗುತ್ತಿತ್ತೋ ಆ ಶಾಫ್ಟು, ಯಾರ ಮಗ್ಗುಲಲ್ಲಿ.
ಚೌಗುಲೆಯವರು ತಪ್ಪಾಯಿತು ಅನ್ನಲಿಲ್ಲ.
ನಾಗೋಜಿಯ ಕಣ್ಣಿನ ಆಪರೇಶನ್ನಿಗೆ ರೊಕ್ಕ ಕಟ್ಟಿದರು.

ಪಟ್ಟಿ ಬಿಚ್ಚಿ ತಿಂಗಳೊಪ್ಪತ್ತಿನ ಮೇಲೆ ಬಂದ. ಗೋಣಿತಟ್ಟು ಇಳಿಸಿದ.
ನಲವತ್ತು ವರ್ಷ ಕಂಡ ಸರಳನ್ನೇ ಕಲ್ಲಿಗೆ ಕೊಟ್ಟು
ಬಹಳ ಹೊತ್ತು ನಿಂತ.
"ಅಕ್ಕೋರ, ಇದ್ಯಾವ ಊರ ಬೆಂಕಿ? ಬೆಳ್ಳಗ ಐತಲ್ಲ!"
ಇಷ್ಟು ದಿನ ಅವನು ನಂಬಿದ ಹಳದಿಯಲ್ಲಿ
ಅರ್ಧ ಕಿಡಿಯದು, ಅರ್ಧ ಪೊರೆಯದು.

ಈಗ ಊಟವಾದ ಮೇಲೆ ದಿನಾ ಶಾಲೆ.
ನಂಬರ್ ಒತ್ತಿದ ತುಂಡುಗಳನ್ನು ನಾನು ಕೊಡುತ್ತೇನೆ,
ಹೆಸರು ಹೇಳುತ್ತೇನೆ, ಅವನು ಉಜ್ಜಿ ನೋಡುತ್ತಾನೆ.
ತಪ್ಪಿದರೆ ತನ್ನ ಕಿವಿ ತಾನೇ ಹಿಂಡಿಕೊಳ್ಳುತ್ತಾನೆ.
ಒಂದು ದಿನ ಹೇಳಿದೆ: ನನ್ನ ಯಂತ್ರವೂ ಅಷ್ಟೇ ಕಾಕಾ,
ಒಳಗೆ ಕಿಡಿ ಹಾರಿಸಿ, ಅದರ ಬೆಳಕನ್ನೇ ಓದುತ್ತದೆ.
ಯಂತ್ರದ ಮೈಮೇಲೆ ಅಂಗೈ ಇಟ್ಟು ಕೇಳಿದ:
"ಹಂಗಾರ ಇದಕ್ಕೂ ಪೊರಿ ಬರತೈತೇನ್ರಿ?"
ಬರುತ್ತದೆ, ಅಂದೆ. ಒಳಗಿನ ಗಾಜಿಗೆ ಮಸಿ ಕೂಡುತ್ತದೆ,
ಆಗಾಗ ತೆಗೆದು ಒರೆಸಬೇಕು.

ಮರುದಿನ ನಾನು ಬರುವ ಮೊದಲೇ ಯಂತ್ರದ ಮೇಲೆ
ಕಣ್ಣಿನ ದವಾಖಾನೆ ಕೊಟ್ಟ ಬಿಳಿ ಬಟ್ಟೆ, ನಾಲ್ಕು ಮಡಿಕೆ ಮಾಡಿದ್ದು.
ಅದರಿಂದ ಒರೆಸಲಿಲ್ಲ ನಾನು, ನೂಲು ಬಿಡುತ್ತದೆ.
ಖಾನೆಯಲ್ಲಿಟ್ಟಿದ್ದೇನೆ.